ಊರು ಕೇಳಿದ ಚಲುವಮ್ಮ

ಬಸ್ಸು ಹತ್ತಿದ ಮೇಲೆ ಸುಮ್ಮನೆ ಕೂರುವುದು ಚಲುವಮ್ಮನಿಂದ ಆಗದ ಕೆಲಸ. ಪಕ್ಕದಲ್ಲಿ ಕೂತವರು ಯಾರೇ ಆಗಿರಲಿ, ಸೆರಗು ಸರಿಮಾಡಿಕೊಂಡು ‘ಯಾವೂರವ್ವಾ ನಿಮ್ದು?’ ಎಂದು ಶುರುಮಾಡಿದಳೆಂದರೆ, ನಂಜನಗೂಡು ಬಿಟ್ಟ ಬಸ್ಸು ತಗಡೂರು ಮುಟ್ಟುವುದರೊಳಗೆ ಅವರ ತವರು, ಗಂಡನ ಮನೆ, ನಾದಿನಿಯನ್ನು ಕೊಟ್ಟ ಊರು ಎಲ್ಲವೂ ಹೊರಗೆ ಬರುತ್ತಿದ್ದವು. ಎಲ್ಲೋ ಒಂದು ಕಡೆ ನೆಂಟಸ್ತಿಕೆ ಸಿಕ್ಕೇ ಸಿಗುತ್ತಿತ್ತು. ಸಿಕ್ಕಿದ ಮೇಲೆ ಬಾಯಿತುಂಬ ಅಕ್ಕ, ಚಿಕ್ಕವ್ವ ಎಂದು ಕರೆದು ಚೀಲದಿಂದ ಎಲೆಅಡಿಕೆ ತೆಗೆದು ಕೊಡುವಳು. ಹೀಗೆ ಊರು ಕೇಳಿ ಕೇಳಿಯೇ ಎಷ್ಟೋ ಹುಡುಗಿಯರಿಗೆ ಗಂಡು ತೋರಿಸಿದ್ದಳು. ಕಳೆದುಹೋದ ಎಮ್ಮೆಯನ್ನು ಹುಡುಕಿಸಿಕೊಟ್ಟದ್ದೂ ಉಂಟು. ಗಂಡ ದೊಡ್ಡಮಾದಯ್ಯ ಬದುಕಿದ್ದಾಗ ಜೊತೆಯವರ ಮುಂದೆ, ‘ಇವಳ್ನ ಒಬ್ಬಳ್ನೇ ಕಾಡಿಗೆ ಬಿಟ್ರೂ ಯಾವ್ದಾದ್ರೂ ಮರಕ್ಕೆ ನೆಂಟ್ಳಾಗಿ ವಾಪಸ್ ಬತ್ತಾಳೆ ಕಣ್ಲಾ’ ಎಂದು ನಗುತ್ತಿದ್ದ. ಚಲುವಮ್ಮ ಅದನ್ನು ಹೊಗಳಿಕೆ ಎಂದೇ ತಿಳಿದಿದ್ದಳು.

ಅವನು ತೀರಿಕೊಂಡ ಮೇಲೆ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡಿಕೊಂಡಿದ್ದಳು. ವಯಸ್ಸಾಯಿತೆಂದು ಅಲ್ಲಿಂದ ಬಿಡಿಸಿದರು. ಅವಳ ಬೀದಿಯವಳೇ ಆದ ಇಂದ್ರಾಣಿ ಆಗ ಬಂದು ಕರೆದಳು. ಇಂದ್ರಾಣಿ ಮೈಸೂರಿನಲ್ಲಿ ಓದಿ, ನಾಕು ಜನರನ್ನು ಕಟ್ಟಿಕೊಂಡು ನಂಜನಗೂಡಿನಲ್ಲಿ ಕಪಿಲೆಯ ಸ್ನಾನಘಟ್ಟಕ್ಕೆ ಸ್ವಲ್ಪ ದೂರದಲ್ಲಿ ಒಂದು ಮನೆ ನಡೆಸುತ್ತಿದ್ದಳು. ಆ ಮನೆಗೆ ಬೋರ್ಡಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ, ರೈಲ್ವೇ ಸ್ಟೇಷನ್ನಿನಲ್ಲಿ, ದೇವಸ್ಥಾನದ ಮುಂದೆ ಮಲಗುವ ಹೆಂಗಸರು ಬಂದು, ಸ್ನಾನ ಮಾಡಿ, ಉಂಡು, ಒಳಗಿನಿಂದ ಅಗುಳಿ ಹಾಕಿಕೊಂಡು ನಿದ್ದೆ ಮಾಡಬಹುದಾದ ಮನೆ. ಅಗುಳಿ ಹಾಕಿಕೊಂಡು ಮಲಗುವುದು ಎಂಥ ದೊಡ್ಡ ವಿಷಯ ಎಂದು ಚಲುವಮ್ಮನಿಗೆ ಗೊತ್ತಾದದ್ದು ಅಲ್ಲಿಗೆ ಹೋದ ಮೇಲೆಯೇ. ಕೆಲವರು ಒಳಗೆ ಬಂದು ಮೊದಲು ಅಗುಳಿಯನ್ನೇ ಮುಟ್ಟಿ ನೋಡುತ್ತಿದ್ದರು.

ಬರುವವರಲ್ಲಿ ಹೆಚ್ಚಿನವರನ್ನು ಯಾರೋ ಕೆಲಸ ಕೊಡಿಸುತ್ತೇನೆಂದು ಕರೆದುಕೊಂಡು ಹೋಗಿ ಮಾರಿದ್ದರು. ಅಲ್ಲಿ ಕುಡಿಸಿ, ಮಾತ್ರೆ ನುಂಗಿಸಿ, ಅದಿಲ್ಲದೆ ಕೈಕಾಲು ನಿಲ್ಲದ ಹಾಗೆ ಮಾಡಿ, ಮೈ ಸೋತ ಮೇಲೆ ಬೀದಿಗೆ ಬಿಟ್ಟಿದ್ದರು. ಇಂದ್ರಾಣಿ ಮೊದಲ ದಿನವೇ ಚಲುವಮ್ಮನನ್ನು ಕೂರಿಸಿಕೊಂಡು ಹೇಳಿದ್ದಳು: ‘ದೊಡ್ಡವ್ವ, ಇಲ್ಲಿ ಒಂದೇ ಮಾತು. ಊರು ಕೇಳಬೇಡ. ಯಾರ ಮಗಳು ಅಂತ ಕೇಳಬೇಡ. ಅವರಾಗೇ ಹೇಳಿದ್ರೆ ಕೇಳಿಸ್ಕೊ, ಕೇಳಿದ್ದನ್ನ ಇಲ್ಲೇ ಬಿಡು.’

‘ಅಯ್ಯೋ, ಆಗಲವ್ವ’ ಎಂದಿದ್ದಳು ಚಲುವಮ್ಮ. ಅದು ಆಫೀಸಿನವರ ಮಾತು, ಹೊರಗಿನವರಿಗೆ ಹೇಳಿದ್ದು, ಹೆತ್ತು ಹೊತ್ತು ಬಾಳಿದ ತನ್ನಂಥವಳಿಗಲ್ಲ ಎಂದು ಒಳಗೊಳಗೇ ಅಂದುಕೊಂಡಿದ್ದಳು.

ರುದ್ರಾಣಿ ಆ ಮನೆಗೆ ಬಂದದ್ದು ಬಹಳ ಸತಾಯಿಸಿ. ರುದ್ರಾಣಿ ಎನ್ನುವುದು ಅವಳು ತಾನೇ ಇಟ್ಟುಕೊಂಡ ಹೆಸರು. ಸಂಜೆ ಸಂಜೆ ಇಂದ್ರಾಣಿಯ ಜೊತೆ ಚಲುವಮ್ಮ ಟಿಫನ್ ಡಬ್ಬಿ ಹಿಡಿದು ಬಸ್‌ಸ್ಟ್ಯಾಂಡಿಗೆ ಹೋಗುತ್ತಿದ್ದಳು. ಅಂಗಡಿಸಾಲಿನ ಹಿಂದೆ ಗೋಣಿಚೀಲದ ಮೇಲೆ ಆ ಹುಡುಗಿ ಬಿದ್ದಿರುತ್ತಿದ್ದಳು. ಮೊದಲ ಸಲ ಚಿತ್ರಾನ್ನ ಕೊಟ್ಟಾಗ ಮುಖಕ್ಕೇ ಎಸೆದಳು. ಎರಡನೇ ಸಲ ‘ಇದ್ರಲ್ಲಿ ಏನ್ ಬೆರ್ಸಿದ್ದೀಯೇ ಮುದ್ಕಿ?’ ಎಂದಳು. ಚಲುವಮ್ಮ ಅವಳೆದುರೇ ಒಂದು ತುತ್ತು ಬಾಯಿಗೆ ಹಾಕಿಕೊಂಡು, ‘ಉಪ್ಪು ಒಸಿ ಕಮ್ಮಿ ಬೆರ್ಸಿವ್ನಿ, ಬೈಬೇಡ’ ಎಂದಳು. ಆ ಹುಡುಗಿ ನಕ್ಕಿದ್ದು ಅವತ್ತೇ ಮೊದಲು.

ಮನೆಗೆ ಬಂದ ಮೇಲೂ ಸುಖವಿರಲಿಲ್ಲ. ಕುಡಿತ ಬಿಟ್ಟ ಮೈ ನಡುಗಿ ನಡುಗಿ ಹಾಸಿಗೆ ಒದ್ದೆಯಾಗುತ್ತಿತ್ತು. ಆಸ್ಪತ್ರೆಯ ಮಾತ್ರೆ, ಗಂಜಿ, ನಿಂಬೆಹಣ್ಣಿನ ಪಾನಕ ಇವುಗಳಲ್ಲೇ ದಿನ ಕಳೆದವು. ಬೈದಳು, ಕಚ್ಚಿದಳು, ಕಾಲು ಹಿಡಿದು ಒಂದೇ ಒಂದು ಪ್ಯಾಕೆಟ್ ತಂದುಕೊಡು ಎಂದು ಅತ್ತಳು. ಚಲುವಮ್ಮ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಮಲಗಿದಳು. ಬರಬರುತ್ತ ನಡುಕ ನಿಂತಿತು, ಮುಖಕ್ಕೆ ಸ್ವಲ್ಪ ಕಳೆ ಬಂತು. ಅವಳು ಚಲುವಮ್ಮನನ್ನು ‘ಚಲುವವ್ವ’ ಎಂದು ಕರೆಯತೊಡಗಿದಳು.

ಅವರೆಕಾಯಿಯ ಕಾಲ ಬಂತು. ಒಂದು ದಿನ ನೆನೆಹಾಕಿದ ಅವರೆಕಾಳನ್ನು ಮುಂದಿಟ್ಟುಕೊಂಡು ಇಬ್ಬರೂ ಬಿಸಿಲಿಗೆ ಕೂತರು. ಕಾಳನ್ನು ಬೆರಳಲ್ಲಿ ಹಿತುಕಿ ಸಿಪ್ಪೆ ಬಿಡಿಸುವ ಕೆಲಸಕ್ಕೆ ಕೈ ಸಾಕು, ಬಾಯಿ ಬಿಡುವಾಗಿರುತ್ತದೆ. ರುದ್ರಾಣಿಯ ಕೈ ಚುರುಕು. ಕಾಳುಗಳು ಪುಟಪುಟನೆ ಬೋಗುಣಿಗೆ ಹಾರುತ್ತಿದ್ದವು.

‘ನಮ್ಮವ್ವ ನನ್ಗಿಂತ ಬಿರ್ನೆ ಇತುಕೋಳು’ ಎಂದಳು ರುದ್ರಾಣಿ, ತನ್ನಷ್ಟಕ್ಕೆ.

‘ಯಾವೂರವ್ವಾ ನಿಮ್ದು?’

ಅದು ಬಾಯಿಂದ ಬಿದ್ದೇ ಹೋಯಿತು. ಚಲುವಮ್ಮನಿಗೆ ತಾನು ಕೇಳಿದೆ ಎಂದೂ ಅನ್ನಿಸಲಿಲ್ಲ. ರುದ್ರಾಣಿಯ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಊರು ಹೇಳಿದಳು, ಅಪ್ಪನ ಹೆಸರು ಹೇಳಿದಳು, ಬೀದಿಯ ಯಾರೋ ಹೆಂಗಸು ಮೈಸೂರಿನಲ್ಲಿ ಗಾರ್ಮೆಂಟ್ಸ್ ಕೆಲಸ ಎಂದು ಕರೆದುಕೊಂಡು ಹೋಗಿ ಪುಣೆಗೆ ಸಾಗಿಸಿದ್ದನ್ನೂ ಹೇಳಿದಳು. ಆ ಊರಿನ ಹೆಸರು ಇಲ್ಲಿ ಬೇಡ. ನರಸೀಪುರದಿಂದಾಚೆ, ಸೋಮನಾಥಪುರದ ದಾರಿಯಲ್ಲಿ ಬಸ್ಸಿಳಿದು ಒಳಕ್ಕೆ ನಡೆಯಬೇಕು ಎಂದರೆ ಸಾಕು.

‘ಯಾರ್ಗೂ ಏಳ್ಬೇಡಿ ಚಲುವವ್ವ.’

‘ನಾನ್ಯಾಕವ್ವ ಏಳ್ಲಿ’ ಎಂದಳು ಚಲುವಮ್ಮ. ಹೇಳುವಾಗ ನಿಜವಾಗಿಯೂ ಹಾಗೇ ಅಂದುಕೊಂಡಿದ್ದಳು.

ಆದರೆ ಊರು ಗೊತ್ತಾದ ಮೇಲೆ ಚಲುವಮ್ಮನಿಗೆ ಸುಮ್ಮನಿರಲಾಗಲಿಲ್ಲ. ಆ ಕಡೆಯೇ ಅವಳ ತಂಗಿಯನ್ನು ಕೊಟ್ಟಿತ್ತು. ಒಲೆ ಮುಂದೆ ನಿಂತಾಗಲೂ, ಆ ತಾಯಿಗೆ ಈ ಸುದ್ದಿ ಮುಟ್ಟಿದರೆ ಹೇಗಾಗಬಹುದು, ಓಡಿಬಂದು ಮಗಳನ್ನು ತಬ್ಬಿಕೊಳ್ಳುವಳಲ್ಲ ಎಂದು ಯೋಚಿಸುತ್ತ ಸಾರಿಗೆ ಹುಳಿ ಮರೆಯುತ್ತಿದ್ದಳು.

ಅಷ್ಟರಲ್ಲಿ ತಂಗಿಯ ಮಗನ ಮದುವೆಯಾಗಿ, ನರಸೀಪುರದ ಛತ್ರದಲ್ಲಿ ಬೀಗರೂಟ ಇಟ್ಟರು. ಕುರಿ ಕಡಿದು, ನೆಂಟರನ್ನೆಲ್ಲ ಕರೆದು ಹಾಕುವ ಊಟ. ಉದ್ದನೆಯ ಸಾಲಿನಲ್ಲಿ ಚಲುವಮ್ಮನ ಪಕ್ಕಕ್ಕೆ ಬಂದು ಕೂತವಳು ಪುಟ್ಟಲಕ್ಷ್ಮಿ ಎಂಬ ದಪ್ಪ ಹೆಂಗಸು. ಎಲೆಗೆ ನೀರು ಚಿಮುಕಿಸುವುದರೊಳಗೆ ಚಲುವಮ್ಮ ಕೇಳಿಯಾಗಿತ್ತು. ಪುಟ್ಟಲಕ್ಷ್ಮಿಯದು ಅದೇ ಊರು. ಅದೇ ಬೀದಿ.

ಚಲುವಮ್ಮ ರುದ್ರಾಣಿಯ ಅಪ್ಪನ ಹೆಸರೆತ್ತಿದಳು. ‘ಅವ್ರ ಮನೇಲಿ ದೊಡ್ಡ ಉಡ್ಗಿ ಒಂದಿತ್ತಲ್ವ?’

‘ಇತ್ತು ಕನವ್ವ, ಪಾಪ. ಅದು ಸತ್ತು ಯಾವ್ ಕಾಲ ಆಯ್ತು. ಮೈಸೂರಲ್ಲಿ ಕಾಯ್ಲೆ ಬಂದು ಓಗ್ಬುಡ್ತಂತೆ. ಅದ್ರ ತಿಥಿ ಊಟ ನಾನೇ ಉಂಡ್ ಬಂದಿವ್ನಿ. ಗೋಡೆ ಮೇಲೆ ಫೋಟೋ ಆಕಿ ಆರ ಆಕವ್ರೆ.’

ಇಲ್ಲಿ ಸುಮ್ಮನಾಗಿದ್ದರೆ ಆಗುತ್ತಿತ್ತು. ಎಲೆಯ ಮೇಲೆ ಮುದ್ದೆ ಬಿದ್ದಿತ್ತು, ಸಾರು ಬರುತ್ತಿತ್ತು. ಆದರೆ ಚಲುವಮ್ಮನ ಎದೆ ಉಬ್ಬಿ ಬಂದಿತ್ತು. ಸತ್ತವಳನ್ನು ತಾನೇ ಎಬ್ಬಿಸಿ ಕೂರಿಸುತ್ತಿರುವ ಹಾಗೆ, ಸ್ವಲ್ಪ ದೊಡ್ಡ ದನಿಯಲ್ಲೇ ಅಂದಳು: ‘ತಿಥಿ ಉಂಡಿರ್ಬೌದು ನೀವು. ಅವ್ಳು ನಂಜನಗೂಡಲ್ಲಿ ನಮ್ಮ ಮನೇಲಿ ಅವರೆಕಾಳು ಇತುಕ್ತಾ ಕೂತವ್ಳೆ.’

ಸಾಲಿನಲ್ಲಿ ತಲೆಗಳು ತಿರುಗಿದವು. ಬಡಿಸುವವನ ಸೌಟು ಅಲ್ಲೇ ನಿಂತಿತು.

‘ಇಷ್ಟ್ ವರ್ಸ ಎಲ್ಲಿದ್ಲಂತೆ?’ ಪುಟ್ಟಲಕ್ಷ್ಮಿಯ ದನಿ ಮೆತ್ತಗಾಗಿತ್ತು.

‘ಪುಣೆಲಂತೆ. ಯಾರೋ ಪಾಪಿಗಳು ಮಾರ್ಬುಟ್ಟಿದ್ರಂತೆ ಕನವ್ವ.’

ಪುಟ್ಟಲಕ್ಷ್ಮಿ ‘ಮಾರ್ಬುಟ್ಟಿದ್ರಾ?’ ಎಂದಳು. ಎಲೆಯಲ್ಲಿ ಇನ್ನೂ ಮುದ್ದೆ ಇರುವಂತೆಯೇ ಎದ್ದು, ಕೈ ತೊಳೆದು, ಕಂಬದ ಮರೆಗೆ ಹೋಗಿ ಮೊಬೈಲು ಕಿವಿಗಿಟ್ಟಳು. ಎದುರು ಸಾಲಿನ ಹೆಂಗಸರಿಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಮೂಗಿನ ಮೇಲೆ ಬೆರಳಿಟ್ಟರು. ತಾನು ಏನು ಮಾಡಿದೆ ಎಂದು ಅವಳಿಗೆ ಅಲ್ಲೇ, ಆ ಎಲೆಯ ಮುಂದೆಯೇ ಗೊತ್ತಾಯಿತು. ಮನೆಗೆ ಬಂದು ಇಂದ್ರಾಣಿಗೂ ಹೇಳಲಿಲ್ಲ, ರುದ್ರಾಣಿಗೂ ಹೇಳಲಿಲ್ಲ. ಹೇಳಬೇಕಾದಲ್ಲಿ ಮಾತ್ರ ನಾಲಗೆ ಏಳಲಿಲ್ಲ.

ಆ ವಾರವೇ, ಚಲುವಮ್ಮನ ತಂಗಿಯ ಕಡೆಯವರಿಂದ ಮನೆ ಕೇಳಿಕೊಂಡು, ಬೈಕಿನಲ್ಲಿ ಒಬ್ಬ ಹುಡುಗ ಬಂದು ಗೇಟಿನ ಹೊರಗೆ ನಿಂತ. ರುದ್ರಾಣಿಯ ತಮ್ಮ, ಮಾದೇಶ. ಒಳಗೆ ಕರೆದರೂ ಬರಲಿಲ್ಲ. ಕೂಗಾಡಲೂ ಇಲ್ಲ. ಹೆಲ್ಮೆಟ್ ಕೈಯಲ್ಲಿ ಹಿಡಿದು, ನೆಲ ನೋಡಿಕೊಂಡು ಇಂದ್ರಾಣಿಗೆ ಹೇಳಿದ:

‘ಮೇಡಂ, ನಮ್ಮ ಚಿಕ್ಕ ಅಕ್ಕಂಗೆ ಮದ್ವೆ ಗೊತ್ತು ಮಾಡಿವಿ. ಬೀಗ್ರೂಟದಲ್ಲಿ ಯಾರೋ ಏನೋ ಅಂದ್ರಂತೆ. ಗಂಡಿನೋರು ಫೋನ್ ಮಾಡಿ, ನಿಮ್ಮ ಮನೇಲಿ ಸತ್ತೋರು ಎಷ್ಟು ಜನ, ಬದ್ಕಿರೋರು ಎಷ್ಟು ಜನ ಅಂತ ಕೇಳ್ತಾವ್ರೆ. ನಮ್ಮಪ್ಪ ಉಣ್ತಾ ಇಲ್ಲ. ಒಳ್ಗೆ ಯಾರವ್ರೋ ನಂಗೊತ್ತಿಲ್ಲ, ನೋಡೋದೂ ಬ್ಯಾಡ. ಯಾರೇ ಆಗಿರ್ಲಿ, ನಮ್ಮೂರ ಎಸ್ರು ಎತ್ಬೇಡಿ ಅಂತ ಏಳಿ. ಕೈ ಮುಗೀತಿನಿ.’

ನಿಜವಾಗಿಯೂ ಕೈ ಮುಗಿದ. ಬೈಕು ಹತ್ತುವಾಗ ಒಂದೇ ಒಂದು ಸಲ ಕಿಟಕಿಯ ಕಡೆ ನೋಡಿ, ತಟ್ಟನೆ ಮುಖ ತಿರುಗಿಸಿ ಹೊರಟುಹೋದ.

ರುದ್ರಾಣಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅವಳು ಅಳಲಿಲ್ಲ. ಚಲುವಮ್ಮನ ಮುಖವನ್ನು ನೋಡಿದಳು, ಬಹಳ ಹೊತ್ತು ನೋಡಿದಳು. ಚಲುವಮ್ಮ ಸೌಟು ಹುಡುಕುವವಳಂತೆ ಬಗ್ಗಿದಳು. ಮಧ್ಯಾಹ್ನದ ಊಟಕ್ಕೆ ಕರೆದಾಗ ರುದ್ರಾಣಿ ಮನೆಯಲ್ಲಿರಲಿಲ್ಲ.

‘ದೊಡ್ಡವ್ವ, ಊರು ಕೇಳಿದ್ಯಾ?’ ಎಂದಳು ಇಂದ್ರಾಣಿ.

‘ಕೇಳ್ದೆ ಕನವ್ವ.’

‘ಬೀಗರೂಟದಲ್ಲಿ ಹೇಳಿದ್ದೂ ನೀನೇನಾ?’

‘ನಾನೇಯ.’

ಇಂದ್ರಾಣಿ ಬೈಯಲಿಲ್ಲ. ತಟ್ಟೆ ತೆಗೆದುಕೊಂಡು ತಾನೇ ಅನ್ನ ಬಡಿಸಿಕೊಂಡಳು. ಎಂದೂ ಚಲುವಮ್ಮನೇ ಬಡಿಸುವುದು. ಅವತ್ತು ಸೌಟು ಹಿಡಿದು ನಿಂತಿದ್ದ ಚಲುವಮ್ಮನ ಕೈ ಏನು ಮಾಡಬೇಕೆಂದು ತೋಚದೆ ಹಾಗೇ ಉಳಿಯಿತು. ಎರಡು ಬೈಗುಳ ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಇಬ್ಬರೂ ಹುಡುಕಲು ಹೊರಟರು. ಸ್ನಾನಘಟ್ಟ, ದಾಸೋಹದ ಸಾಲು, ಸ್ಟೇಷನ್ನು, ಅಂಗಡಿಸಾಲಿನ ಹಿಂದೆ ಎಲ್ಲಿಯೂ ಇರಲಿಲ್ಲ. ಬಸ್‌ಸ್ಟ್ಯಾಂಡಿನ ಹೂವಿನವಳು, ‘ಆ ಉಡ್ಗಿ ನರಸೀಪುರದ ಬಸ್ ಅತ್ತುದ್ಲು. ಕಂಡಕ್ಟರ್ ಇಳಿ ಇಳಿ ಅಂತ ಬೈತಿದ್ದ’ ಎಂದಳು. ಚಲುವಮ್ಮನಿಗೆ ಅವಳು ಯಾಕೆ ಆ ಕಡೆಗೇ ಹೋದಳೆಂದು ಅರ್ಥವಾಯಿತು. ಮನೆಗೆ ಹೋಗುವಂತಿಲ್ಲ, ಆದರೂ ಕಾಲು ಅತ್ತಲೇ ಎಳೆದಿದೆ.

ಮಾರನೆಯ ದಿನ ನರಸೀಪುರದಲ್ಲಿ, ಹೊಳೆಗಳು ಕೂಡುವ ಸಂಗಮದ ಮೆಟ್ಟಿಲ ಮೇಲೆ ಸಿಕ್ಕಿದಳು. ಕುಡಿದಿದ್ದಳು. ಸೀರೆಯ ಸೆರಗು ಕೆಸರಾಗಿತ್ತು. ಪಕ್ಕದಲ್ಲಿ ಹರಿದ ಪ್ಯಾಕೆಟ್ಟುಗಳು ಬಿದ್ದಿದ್ದವು. ಇಂದ್ರಾಣಿಯನ್ನು ಕಂಡು ಸುಮ್ಮನಿದ್ದವಳು ಚಲುವಮ್ಮನನ್ನು ಕಂಡು ಎದ್ದು ನಿಂತಳು.

‘ಬಂದ್ರಾ? ಬನ್ನಿ. ಇಲ್ಲೂ ಜನ ಅವ್ರೆ. ಕೂಗಿ ಏಳಿ. ಪುಣೆಲಿದ್ಲು, ಇಂತವ್ರ ಮಗಳು ಅಂತ ಮೈಕ್ ಇಟ್ಟು ಏಳಿ.’

ಬಟ್ಟೆ ಒಗೆಯುತ್ತಿದ್ದ ಹೆಂಗಸರು ತಿರುಗಿ ನೋಡಿದರು. ಚಲುವಮ್ಮ ಮೆಟ್ಟಿಲ ಮೇಲೆ ಕೂತುಬಿಟ್ಟಳು.

‘ತಪ್ಪಾಯ್ತು ಕನವ್ವ. ಬಾ, ಮನೆಗೋಗವ.’

‘ನಾನು ಸತ್ತೋಗಿರೋದು ನಂಗೊತ್ತಿತ್ತು. ಪುಣೆಯಿಂದ ಬಂದ ಒಸದ್ರಲ್ಲಿ ನಮ್ಮೂರೋರು ಒಬ್ರು ಮೈಸೂರು ಸ್ಟ್ಯಾಂಡಲ್ಲಿ ಸಿಕ್ಕಿದ್ರು, ನನ್ ಮುಖ ನೋಡಿ ಗಾಬ್ರಿಯಾಗಿ ಓಡೋದ್ರು. ಆಗ್ಲೇ ತಿಳೀತು. ಸತ್ತೋಗಿದ್ರೆ ಅವ್ವನ್ನ ಯಾರೂ ಏನೂ ಅನ್ನಕಿಲ್ಲ. ಅದೊಂದೇ ನಾನವ್ಳಿಗೆ ಮಾಡಿದ್ದು. ಅದ್ನೂ ಕಿತ್ಕೊಂಡ್ರಿ.’

ಚಲುವಮ್ಮ ಕಣ್ಣು ಒರೆಸಿಕೊಂಡಳು. ‘ನಾನೇನ್ ಮಾಡ್ಲಿ ಏಳು. ಏನ್ ಏಳಿದ್ರೂ ಮಾಡ್ತೀನಿ.’

ರುದ್ರಾಣಿ ಹೊಳೆಯ ಕಡೆ ನೋಡಿದಳು. ‘ನಮ್ಮೂರ್ಗೆ ಓಗಿ. ಬೀದಿ ಜನದ ಮುಂದೆ ನಿಂತ್ಕೊಂಡು, ನಾನು ಏಳಿದ್ದು ಸುಳ್ಳು ಅನ್ನಿ. ಅವ್ಳು ಇವ್ಳಲ್ಲ ಅನ್ನಿ. ನಮ್ಮವ್ವ ಕೇಳಿದ್ರೂ ಅಂಗೇ ಅನ್ನಿ. ಏಳಿ ಬನ್ನಿ. ಆಮೇಲೆ ಬತ್ತೀನಿ.’

ಇಂದ್ರಾಣಿ ಅವಳ ಜೊತೆಗೆ ನರಸೀಪುರದಲ್ಲೇ, ಗೊತ್ತಿದ್ದ ನರ್ಸೊಬ್ಬರ ಮನೆಯಲ್ಲಿ ಉಳಿದಳು. ಚಲುವಮ್ಮ ಬೆಳಗ್ಗೆ ಎದ್ದು ಬಸ್ಸು ಹತ್ತಿದಳು. ಪಕ್ಕದಲ್ಲಿ ಕೂತ ಹೆಂಗಸು, ‘ಎಲ್ಲಿಗೆ ಓಯ್ತಿದ್ದೀರವ್ವಾ, ನೆಂಟರ ಮನೆಗಾ?’ ಎಂದು ತಾನಾಗಿಯೇ ಮಾತಿಗೆಳೆದಳು. ಚಲುವಮ್ಮ ‘ಊಂ’ ಎಂದು ಕಿಟಕಿಯ ಕಡೆ ತಿರುಗಿದಳು.

ಆ ಮನೆಯ ಜಗಲಿಯಲ್ಲಿ ಅವಳು ನಿಂತಾಗ ಬಾಗಿಲಿನಿಂದಲೇ ಫೋಟೋ ಕಾಣುತ್ತಿತ್ತು. ಎರಡು ಜಡೆಯ ಹುಡುಗಿ, ಪ್ಲಾಸ್ಟಿಕ್ ಹೂವಿನ ಹಾರ. ತಾಯಿ ಮೊರದಲ್ಲಿ ರಾಗಿ ಕೇರುತ್ತಿದ್ದಳು. ಬಂದವಳು ಯಾರೆಂದು ಗೊತ್ತಾಗುತ್ತಲೇ ಎದುರು ಮನೆಯಿಂದ ಪುಟ್ಟಲಕ್ಷ್ಮಿ ಬಂದಳು, ಅವಳ ಹಿಂದೆ ಇನ್ನೂ ನಾಕು ಜನ.

ಚಲುವಮ್ಮ ಎಲ್ಲರಿಗೂ ಕೇಳುವ ಹಾಗೆ ಅಂದಳು: ‘ಬೀಗ್ರೂಟದಲ್ಲಿ ನಾನು ಏಳಿದ್ದು ಸುಳ್ಳು. ಆ ಎಂಗ್ಸು ನಿಮ್ಮೋಳಲ್ಲ. ಎಚ್.ಡಿ. ಕೋಟೆ ಕಡೆಯೋಳು. ನಂಗೆ ವಯಸ್ಸಾಯ್ತು, ಯಾರ್ದೋ ಎಸ್ರು ಯಾರ್ಗೋ ಅಂಟಿಸ್ಬುಟ್ಟೆ. ನನ್ ಬಾಯಿ ಸರಿಯಿಲ್ಲ. ತಪ್ಪಾಯ್ತು.’

‘ಅವತ್ತು ಕಣ್ಣಾರೆ ಕಂಡಂಗೆ ಏಳಿದ್ರಿ’ ಎಂದಳು ಪುಟ್ಟಲಕ್ಷ್ಮಿ. ‘ಅವರೆಕಾಳು ಇತುಕ್ತಾ ಅವ್ಳೆ ಅಂದ್ರಿ.’

‘ಇತುಕೋರು ಊರ್‌ತುಂಬ ಅವ್ರೆ ಕನವ್ವ.’

ಯಾರೋ ಕಿಸಕ್ಕೆಂದರು. ‘ಇಂಥೋರ್ನ ಬೀಗ್ರೂಟಕ್ಕೆ ಕರೀತಾರಲ್ಲ’ ಎಂದು ಇನ್ನೊಬ್ಬರು. ಮದುವೆಗಳನ್ನು ಕೂಡಿಸಿದ ಚಲುವಮ್ಮ, ಎಲ್ಲಿ ಹೋದರೂ ಮಣೆ ಹಾಕಿಸಿಕೊಂಡ ಚಲುವಮ್ಮ, ಸುಳ್ಳಿ ಎನ್ನಿಸಿಕೊಂಡು ತಲೆ ತಗ್ಗಿಸಿ ನಿಂತಿದ್ದಳು.

ತಾಯಿ ಮೊರ ಕೆಳಗಿಟ್ಟು ಎದ್ದಳು. ‘ನನ್ ಸತ್ತ ಮಗಳ ಎಸ್ರೆತ್ತಕೆ ನೀನ್ಯಾವಳೇ? ನಿನ್ ನಾಲ್ಗೆ ಬಿದ್ದೋಗ! ನಡಿಯೇ ಆಚೆಗೆ’ ಎಂದು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ಬೀದಿಯುದ್ದಕ್ಕೂ ಹಿಂದೆ ಹಿಂದೆಯೇ ಬಂದು, ಕೈಬೀಸಿ ಬೀಸಿ ಬೈದಳು. ಜನ ಬಾಗಿಲಲ್ಲೇ ಉಳಿದರು. ಹಾಲಿನ ಡೇರಿ ದಾಟಿ, ಕಬ್ಬಿನ ಗದ್ದೆಯ ಮಗ್ಗುಲಿಗೆ ಬಂದಾಗ ಬೈಗುಳ ನಿಂತಿತು. ತಾಯಿ ಹಿಂದಕ್ಕೊಮ್ಮೆ ನೋಡಿದಳು.

‘ಉಣ್ತಾಳಾ?’

ಈ ತಾಯಿ ಕೇಳಿದರೂ ಅಲ್ಲ ಎನ್ನಬೇಕೆಂದು ಚಲುವಮ್ಮ ಮಾತು ಕೊಟ್ಟು ಬಂದಿದ್ದಳು.

‘ನಮ್ಮ ಮನೆಗೆ ಬಂದೋರೆಲ್ಲ ಉಣ್ತಾರೆ ಕನವ್ವ’ ಎಂದಳು.

ತಾಯಿ ತಲೆಯಾಡಿಸಿದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಟ್ಟಳು. ‘ಬದ್ನೇಕಾಯಿ ಮಾತ್ರ ಆಕ್ಬೇಡಿ. ಮೈಯೆಲ್ಲ ಕಡಿತ ಎದ್ದು ಕೆಂಪಗಾಯ್ತದೆ’ ಎಂದಳು. ಮತ್ತೆ ಬೀದಿಯ ಕಡೆ ತಿರುಗಿ, ಯಾರಿಗೋ ಕೇಳಲೆಂಬಂತೆ ‘ಇನ್ನೊಂದ್ಸಲ ಈ ಕಡೆ ಬಂದ್ರೆ ನೋಡು’ ಎಂದು ಕೂಗುತ್ತ ಹೊರಟುಹೋದಳು.

ನರಸೀಪುರದಲ್ಲಿ ರುದ್ರಾಣಿ, ‘ಏಳಿದ್ರಾ?’ ಎಂದಷ್ಟೇ ಕೇಳಿದಳು.

‘ಏಳ್ದೆ. ನಿಮ್ಮವ್ವ ಬೈದ್ಲು.’

ಮುಂದಿನದು ಚಲುವಮ್ಮನ ನಾಲಗೆಯ ತುದಿಯಲ್ಲಿತ್ತು. ಆದರೆ ಅಲ್ಲಿಂದಿಲ್ಲಿಗೆ ಮಾತು ಹೊತ್ತು ತಂದು ಆದದ್ದು ಸಾಕಾಗಿತ್ತು. ನುಂಗಿಕೊಂಡಳು. ರುದ್ರಾಣಿ ಮಾತು ಉಳಿಸಿಕೊಂಡು ನಂಜನಗೂಡಿನ ಬಸ್ಸು ಹತ್ತಿದಳು. ಆಧಾರ್ ಕಾರ್ಡು ಇಲ್ಲದ್ದರಿಂದ ಫ್ರೀ ಇಲ್ಲ ಎಂದ ಕಂಡಕ್ಟರು, ಚಲುವಮ್ಮನ ಕಡೆ ತೋರಿಸಿ, ‘ಇವ್ರು ನಿಮ್ಗೇನಾಗ್ಬೇಕು?’ ಎಂದ.

‘ಏನೂ ಆಗ್ಬೇಕಿಲ್ಲ’ ಎಂದಳು ರುದ್ರಾಣಿ.

ಇಂದ್ರಾಣಿ ಟಿಕೆಟ್ಟು ತೆಗೆದುಕೊಂಡಳು. ಚಲುವಮ್ಮ ಎದ್ದು ಹಿಂದಿನ ಸೀಟಿಗೆ ಹೋದಳು.

ರುದ್ರಾಣಿಯ ತಂಗಿಯ ಮದುವೆ ನಡೆಯಿತೆಂದು ಚಲುವಮ್ಮನಿಗೆ ತನ್ನ ತಂಗಿಯಿಂದ ತಿಳಿಯಿತು. ಚಲುವಮ್ಮ ಅದನ್ನು ಇಂದ್ರಾಣಿಗೆ ಹೇಳಿ, ರುದ್ರಾಣಿಗೆ ಹೇಳಬೇಕೋ ಬೇಡವೋ ನೀನೇ ನೋಡು ಎಂದಳು. ಕುಡಿತ ಬಿಟ್ಟ ರುದ್ರಾಣಿ ಮತ್ತೆ ನಡುಗಿದಳು, ಮತ್ತೆ ಬೈದಳು. ಆದರೆ ಈ ಸಲ ಪಕ್ಕದಲ್ಲಿ ಚಾಪೆ ಹಾಸಿಕೊಂಡವಳು ಇಂದ್ರಾಣಿ. ಊಟದ ತಟ್ಟೆಯನ್ನೂ ಇಂದ್ರಾಣಿಯ ಕೈಯಿಂದಲೇ ತೆಗೆದುಕೊಳ್ಳುವಳು. ಚಲುವಮ್ಮ ಬೇಯಿಸುವಳು, ಬಡಿಸುವ ಹೊತ್ತಿಗೆ ಹಿತ್ತಿಲಿಗೆ ಹೋಗಿ ಪಾತ್ರೆಗಳ ಮುಂದೆ ಕೂರುವಳು.

ಎಷ್ಟೋ ದಿನದ ಮೇಲೆ ಒಂದು ಬೆಳಗ್ಗೆ ರುದ್ರಾಣಿ ಅಡುಗೆಮನೆಯ ಹೊಸಲಿನ ಮೇಲೆ ಬಂದು ನಿಂತಳು. ಬುಟ್ಟಿಯಲ್ಲಿ ಹೀರೇಕಾಯಿ, ಸೀಮೆಬದನೆ, ಮೂಲಂಗಿ ಇದ್ದವು.

‘ಸಂತೇಲಿ ಬದ್ನೇಕಾಯಿ ರಾಶಿ ಬಿದ್ದದೆ ಅಂತಾರೆ. ಇಲ್ಲಿಗ್ಯಾಕೆ ಬರಕಿಲ್ಲ?’

ಚಲುವಮ್ಮ ಈಳಿಗೆಮಣೆಯ ಮುಂದೆ ತಲೆ ತಗ್ಗಿಸಿಕೊಂಡೇ ಇದ್ದಳು. ಏನೋ ಒಂದು ನೆಪ ಬಾಯಿಗೆ ಬಂತು. ಹೇಳಲಿಲ್ಲ.

‘ನಮ್ಮವ್ವ ಬರೀ ಬೈದ್ಲಾ?’ ರುದ್ರಾಣಿಯ ದನಿ ಸಣ್ಣಗಾಗಿತ್ತು.

‘ನೀನು ಕೇಳಿದ್ರೆ ಏಳ್ತೀನಿ. ಇಲ್ದಿದ್ರೆ ಇಲ್ಲ.’

‘ಕೇಳ್ತಾ ಇವ್ನಿ.’

ಚಲುವಮ್ಮ ಹೇಳಿದಳು. ಉಣ್ತಾಳಾ ಎಂದದ್ದು, ಬದನೇಕಾಯಿ ಆಗಕಿಲ್ಲ ಎಂದದ್ದು, ಅಷ್ಟೇ. ಒಂದು ಮಾತು ಸೇರಿಸಲಿಲ್ಲ, ಪಾಪ ಎನ್ನಲಿಲ್ಲ.

ರುದ್ರಾಣಿ ಹೊಸಲಿನ ಮೇಲೆ ಕೂತಳು. ಒಲೆಯ ಮೇಲಿನ ನೀರು ಕುದಿದು ಮರಳತೊಡಗಿತ್ತು.

‘ಈಗ ಆಯ್ತದೆ’ ಎಂದಳು ಅವಳು. ‘ಅಲ್ಲಿ ಪುಣೆಲಿ ಅದ್ನೇ ಆಕೋರು. ಮೊದ್ಲು ಮೊದ್ಲು ಮೈಯೆಲ್ಲ ಕೆರ್ಕೊತಿದ್ದೆ. ಆಮೇಲೆ ನಿಂತೋಯ್ತು. ಅವ್ವಂಗೆ ಗೊತ್ತಿಲ್ಲ.’

ಚಲುವಮ್ಮನಿಗೆ ತಲೆಯೆತ್ತಿ ಆ ಮುಖವನ್ನು ನೋಡುವ ಧೈರ್ಯ ಬರಲಿಲ್ಲ. ರುದ್ರಾಣಿ ಎದ್ದು ಬಂದು, ಕುದಿಯುತ್ತಿದ್ದ ನೀರಿಗೆ ತಾನೇ ಬೇಳೆ ಹಾಕಿದಳು.